ಸಿಸ್ಟರಿಗೆ ಮಡಿಲಕ್ಕಿ

ಪಾಲಹಳ್ಳಿಯ ಇನ್ನಾಸಪ್ಪನ ತಂಗಿ ಸಹಾಯಮೇರಿ ಕನ್ಯಾಸ್ತ್ರೀಯಾಗಿ, ಆಫ್ರಿಕದ ಮಲಾವಿಯ ಮಿಶನ್ ಆಸ್ಪತ್ರೆಗೆ ನರ್ಸಾಗಿ ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಈ ಸಲ ರಜೆಗೆ ಬಂದವಳ ಮನಸ್ಸಿನಲ್ಲಿದ್ದದ್ದು ಒಂದೇ ಮಾತು: ಸಾಕು, ಇನ್ನು ಹೋಗಲಾರೆ. ಬೆಂಗಳೂರಿನ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಕೂಡ, ಮಂಡಿನೋವು ಅಷ್ಟಿದ್ದರೆ ನಿಮ್ಮೂರ ಕಡೆ ಶ್ರೀರಂಗಪಟ್ಟಣದ ಹತ್ತಿರವೇ ಎಲ್ಲಾದರೂ ಇರುವೆಯಂತೆ, ಮನೆಯವರನ್ನು ಕೇಳಿಕೊಂಡು ಹೇಳು ಅಂದಿದ್ದರು. ಮನೆಯವರು ಒಂದು ಸಲ ಇರು ಅಂದಿದ್ದರೆ ಸಾಕಿತ್ತು. ಆದರೆ ಅದನ್ನು ಬಾಯಿಬಿಟ್ಟು ಕೇಳುವುದಿದೆಯಲ್ಲ, ಅದೇ ಕಷ್ಟ.

ಹಾಗಂತ ಅಲ್ಲಿಯ ಬದುಕು ಕೆಟ್ಟದ್ದೇನಲ್ಲ. ಮುಸುಕಿನ ಜೋಳದ ಬಿಳಿ ಮುದ್ದೆ ಮೊದಲ ದಿನವೇ ಗಂಟಲಲ್ಲಿ ಇಳಿದಿತ್ತು. ಮಂಡ್ಯ ಸೀಮೆಯವಳಿಗೆ ಮುದ್ದೆ ಏನು ಮಹಾ. ಒಗ್ಗದೇ ಹೋದದ್ದು ಅಲ್ಲಿಯ ನಿಧಾನ. ಯಾರನ್ನು ಕಂಡರೂ ಹೇಗೆ ಎದ್ದಿರಿ ಎಂದು ಕೇಳಬೇಕು, ಚೆನ್ನಾಗಿ ಎದ್ದೆ, ನೀವು ಹೇಗೆ ಎದ್ದಿರಿ ಎಂದು ಅವರು ಅನ್ನಬೇಕು, ಜ್ವರದ ವಿಷಯ ಆಮೇಲೆ. ಹೊಸದರಲ್ಲಿ ಈ ನರ್ಸಮ್ಮ ಅದನ್ನೆಲ್ಲ ಬಿಟ್ಟು ಸೀದಾ ತೋಳು ಹಿಡಿದು ಸೂಜಿ ಚುಚ್ಚಿದ್ದಕ್ಕೆ ಹೆಂಗಸರು ಆಸ್ಪತ್ರೆ ಕಡೆಗೆ ತಲೆಯನ್ನೇ ಹಾಕಲಿಲ್ಲ. ಕಲಿತಳು. ಯಾರಾದರೂ ಏನಾದರೂ ಕೊಟ್ಟರೆ ಮೊದಲು ಮೆಲ್ಲಗೆ ಚಪ್ಪಾಳೆ ತಟ್ಟಿ ಆಮೇಲೆ ತೆಗೆದುಕೊಳ್ಳುವುದನ್ನೂ ಕಲಿತಳು. ಇಡೀ ದಿನ ಇನ್ನೊಬ್ಬರ ಭಾಷೆಯಲ್ಲೇ ನಗುವುದು, ಇನ್ನೊಬ್ಬರ ಭಾಷೆಯಲ್ಲೇ ಸಮಾಧಾನ ಹೇಳುವುದು. ಕಲಿತೂ ಕಲಿತೂ ಸುಸ್ತಾಗಿ ಹೋಗಿದ್ದಳು.

ಊರಲ್ಲಾದರೂ ದಣಿವಾರಿಸಿಕೊಳ್ಳೋಣವೆಂದರೆ ಇಲ್ಲಿ ಇವಳು ನೆಂಟಳು. ಒಡಹುಟ್ಟಿದ ಅಣ್ಣನೇ ಸಿಸ್ಟ್ರೇ, ಬನ್ನಿ, ಕೂತ್ಕಳಿ ಅನ್ನುತ್ತಾನೆ. ಅತ್ತಿಗೆ ಜಪಮಾಲಮ್ಮ ಒಂದು ಲೋಟ ತೊಳೆಯಲೂ ಬಿಡುವುದಿಲ್ಲ. ಇನ್ನಾಸಪ್ಪ ಇವಳನ್ನು ಪಾಂಡವಪುರದ ಬೀಗರ ಮನೆಗೂ ಕೆ.ಆರ್. ಪೇಟೆಯ ಸೋದರಮಾವನ ಮನೆಗೂ ಕರೆದೊಯ್ದು ಹೆಮ್ಮೆಯಿಂದ ತೋರಿಸಿಕೊಂಡು ಬಂದ. ಬೀಗಿತಿ ಕಾಫಿ ಕೊಟ್ಟಾಗ ಇವಳು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದ್ದಕ್ಕೆ ಮನೆಮಂದಿಯೆಲ್ಲ ಬಿದ್ದುಬಿದ್ದು ನಕ್ಕರು. ಅಲ್ಲಿ ಸಿಂಹ ಇದ್ದಾವಾ ಎಂದು ಕೇಳದವರಿಲ್ಲ. ಸುಸ್ತಾಗಿದೆಯಾ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಹೊರಡುವ ಹಿಂದಿನ ದಿನ, ಮಧ್ಯಾಹ್ನದ ಊಟವಾದ ಮೇಲೆ ಹೇಳಿಯೇ ಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡಳು. ಕೈತೊಳೆದು ಬರುವಷ್ಟರಲ್ಲಿ ಜಪಮಾಲಮ್ಮ ನಡುಮನೆಯಲ್ಲಿ ಮಣೆ ಹಾಕಿ, ಮೊರದ ತುಂಬ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ ಇಟ್ಟುಕೊಂಡು ನಿಂತಿದ್ದಳು. ಮಡಿಲಕ್ಕಿ. ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳಿಗೆ ತವರಿನವರು ಸೆರಗಿಗೆ ತುಂಬಿ ಕಳಿಸುವ ಅಕ್ಕಿ. ಈ ಸೀಮೆಯಲ್ಲಿ ಕ್ರೈಸ್ತರೂ ಅದನ್ನು ಬಿಟ್ಟವರಲ್ಲ. ಆದರೆ ಕನ್ಯಾಸ್ತ್ರೀಗೆ ಯಾರೂ ತುಂಬಿದ್ದಿಲ್ಲ, ಅವ್ವ ಬದುಕಿದ್ದಾಗಲೂ ತುಂಬಿರಲಿಲ್ಲ.

“ಇಷ್ಟು ವರ್ಸ ನಿನ್ನ ಬರೀ ಮಡ್ಲಲ್ಲೇ ಕಳಿಸ್ಬುಟ್ಟೊ,” ಅಂದಳು ಜಪಮಾಲಮ್ಮ ಸಂಕೋಚದಿಂದ. “ನೆನೆಸ್ಕಂಡ್ರೆ ವಟ್ಟೆ ಉರೀತದೆ. ಕೂತ್ಕ ಬಾರವ್ವ.”

ಸಹಾಯಮೇರಿ ಮಣೆಯ ಮೇಲೆ ಕೂತು ಬಿಳಿ ಸೀರೆಯ ಸೆರಗು ಒಡ್ಡಿದಳು. ಅತ್ತಿಗೆ ಬೊಗಸೆ ಬೊಗಸೆ ಅಕ್ಕಿ ಹಾಕುತ್ತ ಹೋದಳು. ತೊಡೆಯ ಮೇಲೆ ಭಾರ ಏರುತ್ತಿದ್ದ ಹಾಗೆ ಇಷ್ಟು ವರ್ಷ ತಡೆದಿದ್ದ ಅಳು ಒತ್ತರಿಸಿಕೊಂಡು ಬಂತು.

“ಅತ್ಗೆ, ನನ್ ಕೈಲಿ ಓಗಕ್ಕಾಗಲ್ಲ. ನಾನು ಇಲ್ಲೇ ಇದ್ಬುಡ್ತೀನಿ.”

ಜಪಮಾಲಮ್ಮನ ಕಣ್ಣೂ ತುಂಬಿತು. ಬಾಗಿಲಲ್ಲಿ ನಿಂತಿದ್ದ ಇನ್ನಾಸಪ್ಪ ಆಚೆ ತಿರುಗಿ ಟವಲಿನಿಂದ ಮುಖ ಒರೆಸಿಕೊಂಡ. ಅಂತೂ ಹೇಳಿಬಿಟ್ಟೆ, ಇನ್ನೇನು ಇರು ಅನ್ನುತ್ತಾರೆ ಎಂದು ಸಹಾಯಮೇರಿ ಉಸಿರು ಬಿಟ್ಟಳು. ಅತ್ತಿಗೆ ತನ್ನ ಸೆರಗಿನಿಂದ ಅವಳ ಕೆನ್ನೆ ಒರೆಸಿದಳು.

“ಮಡ್ಲು ತುಂಬ್ವಾಗ ಎಲ್ಲಾ ಎಣ್ಮಕ್ಳೂ ಇಂಗೇ ಅನ್ನದು ಕಣವ್ವ. ನಾನೂ ಅಂದಿದ್ದೆ. ಅಲ್ಲಿಗೋದ್ರೆ ಎಲ್ಲಾ ಸರ್ಯಾಯ್ತದೆ, ಸುಮ್ಕಿರು.”

ಅಲ್ಲ ಅತ್ತಿಗೆ, ಇದು ಆ ಅಳುವಲ್ಲ ಎಂದು ಹೇಳಬೇಕಿತ್ತು. ಆದರೆ ನಾದಿನಿ ಕಡೆಗೂ ಮನೆಮಗಳ ಹಾಗೆ ಅತ್ತಳಲ್ಲ ಎಂದು ಜಪಮಾಲಮ್ಮನ ಮುಖ ಅರಳಿ ಹೋಗಿತ್ತು. ಅದನ್ನು ಕೆಡಿಸುವಷ್ಟು ಶಕ್ತಿ ಸಹಾಯಮೇರಿಯಲ್ಲಿ ಉಳಿದಿರಲಿಲ್ಲ. ತವರು ತಣ್ಣಗಿರಲಿ ಎಂದು ಮಡಿಲಿಂದ ಒಂದಿಷ್ಟು ಅಕ್ಕಿ ಮೊರಕ್ಕೆ ಮರಳಿ ಹಾಕುವುದು ವಾಡಿಕೆ. ಹಾಕಿ, ಸೆರಗು ಗಂಟು ಕಟ್ಟಿದಳು.

ಸಂಜೆ ಮದರ್‌ಗೆ ಫೋನು ಮಾಡಿ, ಮಂಡಿ ಪರವಾಗಿಲ್ಲ, ಹೋಗುತ್ತೇನೆ ಅಂದಳು.

ಮನೆಯವರನ್ನು ಕೇಳಿದೆಯಾ ಎಂದರು ಮದರ್.

ಕೇಳಿದೆ ಅಂದಳು.