ಉದ್ದ ಮೂತಿಯ ಇಂಜಿನ್

ತೊಗರಿ ರಾಶಿಯ ದಿನಗಳು. ಕುಣಿ ತೋಡುವವರು ಕಣ ಬಿಟ್ಟು ಬರಲಿ ಎಂದು ದಿಲೀಪ ಕಮಲಾಪುರಕ್ಕೆ ಫೋನಿನ ಮೇಲೆ ಫೋನು ಹಚ್ಚುತ್ತ, ಇನ್ನೊಂದು ಕೈಯಿಂದ ಪಡಸಾಲೆಯ ನೆಲದ ಮೇಲಿದ್ದ ಪುಟ್ಟ ಹಳಿಗಳನ್ನು ಕೀಳತೊಡಗಿದ್ದ. ಆಸ್ಪತ್ರೆಯಿಂದ ಅಪ್ಪ ಗುಂಡಣ್ಣನ ಶವ ತರುವುದರೊಳಗೆ ಮಲಗಿಸಲು ಜಾಗವಾಗಬೇಕಿತ್ತು.

"ಕೀಳಬ್ಯಾಡಣ್ಣಾ," ಎಂದಳು ತಂಗಿ ಮಾಯಾ. "ಕಾಕಾ ಬಂದಾರ. ನೋಡಲಿ."

ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಣವೀರಪ್ಪನ ಕಾಲು ಅಲ್ಲೇ ನಿಂತಿತು. ಸತ್ತ ಗುಂಡಣ್ಣ ಡೀಸೆಲ್ ಇಂಜಿನ್ ಓಡಿಸುತ್ತಿದ್ದ ಕಾಲದಲ್ಲಿ ಪಕ್ಕದ ಸೀಟಿನ ಅಸಿಸ್ಟೆಂಟ್ ಆಗಿದ್ದವನು ಅವನು. ಹಳಿಗಳ ತುದಿಯಲ್ಲಿ ಗುಂಡಣ್ಣ ಡಬ್ಬಿ ತಗಡಿನಿಂದ ಮಾಡಿದ ಇಂಜಿನ್ ನಿಂತಿತ್ತು, ಮೊಳದುದ್ದದ್ದು. ಹಳಿಯ ಮಗ್ಗುಲಲ್ಲಿ ಹಸಿರು ಬಟ್ಟೆ ಸುತ್ತಿ ನಿಲ್ಲಿಸಿದ ಒಂದು ಬೆಂಕಿಕಡ್ಡಿ.

ಗೋಡೆಗೆ ಆತು ಕೂತಿದ್ದ ಹಳೇ ಗಾರ್ಡ್ ಪೀರಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡ. "ಗಾಡಿ ಲೇಟ್ ಆದ್ರ ನನಗ ಬೈತಿದ್ದ ಮನುಷ್ಯಾ. ಇವತ್ತ ತಾನಾ ಲೇಟ್ ಆಗ್ಯಾನ."

"ಎದ್ದು ಕುಂತ್ರ ಇವತ್ತೂ ನಿನಗಾ ಬೈತಿದ್ದ, ಬಿಡು," ಎಂದ ಅಣವೀರಪ್ಪ.

ಒಳಗಿಂದ ಗುಂಡಣ್ಣನ ಹೆಂಡತಿ ಕಸ್ತೂರಿಬಾಯಿ ಬಂದಳು. ಬಿಳೀ ಸೀರೆ. ಅತ್ತು ಮುಗಿದ ಮುಖ. "ಬಂದ್ರಿ? ಅವರು ಏನ್ ಹೇಳ್ಯಾರ ಗೊತ್ತದಲ್ರಿ. ನೀವು ಪಾಸ್ ಮಾಡಿದ್ರ ಇಂಜಿನ್ ಅವರ ಸಂಗಟ ಕುಣ್ಯಾಗ ಇಡಬೇಕಂತ. ಏನರ ತಪ್ಪಿದ್ರ ನಿಮಗ ಕೊಡಬೇಕಂತ. ನೀವು ತಿದ್ದತೀರಂತ."

"ನೋಡ್ತೇನಿ ವೈನಿ."

*

ಎಷ್ಟೋ ವರ್ಷಗಳ ಹಿಂದಿನ ಆ ದಿನ, ಡ್ರೈವರ್ ಕೋಣೆ ಹಿಂದಾಗಿ ಇಂಜಿನ್ನಿನ ಉದ್ದ ಮೂತಿ ಮುಂದಾಗಿತ್ತು. ಹಾಗೆ ಓಡಿಸುವಾಗ ಡ್ರೈವರನಿಗೆ ಒಂದು ಮಗ್ಗುಲು ಪೂರಾ ಕಾಣುವುದಿಲ್ಲ. ಮೂತಿ ಅಡ್ಡ ಬರುತ್ತದೆ. ಆ ಮಗ್ಗುಲನ್ನು ನೋಡಿ ಕೂಗಿ ಹೇಳುವವನು ಅಸಿಸ್ಟೆಂಟ್. ಆದರೆ ಎಣ್ಣೆ ಸೋರಿದ ವಾಸನೆ ಬಂದು, ಒಳಗೆ ಹೋಗಿ ನೋಡಿ ಬಾ ಎಂದು ಗುಂಡಣ್ಣನೇ ಅಣವೀರಪ್ಪನನ್ನು ಕಳಿಸಿದ್ದ. ಇಂಜಿನ್ನಿನ ಹೊಟ್ಟೆಯೊಳಗೆ ಬಗ್ಗಿದ್ದವನಿಗೆ ಗೊತ್ತಾದದ್ದು ಬ್ರೇಕ್ ಬಿದ್ದ ಜಗ್ಗಾಟ ಮಾತ್ರ. ಇಳಿದು ನೋಡಿದರೆ ಹಳಿಯುದ್ದಕ್ಕೂ ಮೇವು ಚೆಲ್ಲಿತ್ತು. ಹೊರೆ ಹೊತ್ತವಳ ಸೀರೆ ಹಸಿರಿತ್ತು.

ಡ್ರೈವರನ ತಪ್ಪಿಲ್ಲ ಎಂದು ವಿಚಾರಣೆ ಮುಗಿಯಿತು. ಗುಂಡಣ್ಣನಿಗೆ ಮುಗಿಯಲಿಲ್ಲ.

"ನನ್ನ ಸೀಟಿಂದ ಆಕಿ ಕಾಣ್ತಿದ್ಳೇನೋ?"

"ಎಲ್ಲಿ ಕಾಣ್ತಾಳೋ ಮಾರಾಯಾ," ಎನ್ನುತ್ತಿದ್ದ ಅಣವೀರಪ್ಪ.

"ಕಂಡಿದ್ರ ಹಾರ್ನ್ ಹೊಡೀತಿದ್ದೆ. ನನಗ ಕಂಡ ನೆನಪಿಲ್ಲ. ಕಂಡಿಲ್ಲಂತಲೂ ನೆನಪಿಲ್ಲ."

ರಿಟೈರ್ ಆದ ಮೇಲೆ ತಗಡು ಕತ್ತರಿಸಲು ಕೂತ. ಇಂಜಿನ್ ಆದ ಮೇಲೆ, ಬಂದು ನೋಡು, ಎಲ್ಲಿ ತಪ್ಪದ ಹೇಳು ಎಂದು ಕರೆಯುತ್ತಲೇ ಇದ್ದ. ಅಣವೀರಪ್ಪನಿಗೆ ಪ್ರತಿ ಸಲವೂ ಒಂದು ಕೆಲಸ ಇರುತ್ತಿತ್ತು.

*

ಈಗ ಅಣವೀರಪ್ಪ ಇಂಜಿನ್ನಿನ ಮುಂದೆ ಕೂತ. ಡ್ಯೂಟಿಗೆ ಇಂಜಿನ್ ವಹಿಸಿಕೊಳ್ಳುವಾಗಿನ ಹಾಗೆ ಸುತ್ತ ನೋಡುತ್ತ ಬಂದ. ಕೈಹಿಡಿಕೆಯ ಸರಿಗೆ, ಉಸುಕಿನ ಡಬ್ಬಿ, ಜಾಲರಿ, ಮೆಟ್ಟಿಲು ಸವೆದ ಗುರುತು ಕೂಡ. ಸ್ವಿಚ್ ತಿರುವಿದ. ಇಂಜಿನ್ ಜಗ್ಗದೆ ಹೊರಟು, ಬಾಗಿದ ಹಳಿಯಲ್ಲಿ ತಡವರಿಸದೆ ಹೊರಳಿ, ನಿಲ್ಲಿಸಿದಲ್ಲಿ ನಿಂತಿತು.

"ಹೆಂಗದ್ರಿ ಕಾಕಾ?" ಎಂದಳು ಮಾಯಾ.

"ನಿಮ್ಮಪ್ಪನ ಕೈ ಅಲ್ಲೇನವ್ವ."

ಡ್ರೈವರ್ ಕೋಣೆಯ ಹಿಂದಿನ ಗೋಡೆಯಲ್ಲಿ, ಸೀಟಿಗೆ ಸರಿಯಾಗಿ, ಕೂತವನ ಕಣ್ಣಿನ ಎತ್ತರಕ್ಕೆ ಒಂದು ಸೂಜಿತೂತು.

"ಅಪ್ಪ ದಿನಾ ಅದರಾಗ ನೋಡ್ತಿದ್ದ," ಎಂದಳು ಮಾಯಾ. "ನೆಲಕ್ಕ ಬಿದ್ದು, ಒಂದು ಕಣ್ಣು ಮುಚ್ಚಿ."

ಅಣವೀರಪ್ಪ ಕೆನ್ನೆ ನೆಲಕ್ಕೆ ಹಚ್ಚಿದ. ತಣ್ಣನೆಯ ಫರಸಿಕಲ್ಲು. ತೂತಿನಾಚೆ ಕಿಟಕಿ, ಕಿಟಕಿಯಾಚೆ ಉದ್ದ ಮೂತಿ, ಅದರ ಅಂಚಿನ ಮೇಲೆ ಹಸಿರು. ಇಂಜಿನ್ನನ್ನು ಬೆರಳಿನಿಂದ ಮೆಲ್ಲಗೆ ಮುಂದೆ ದೂಡಿದ. ಹಸಿರು ಹೋಗಲಿಲ್ಲ. ಇನ್ನಷ್ಟು ದೂಡಿದ. ಇತ್ತು. ತೀರ ಹತ್ತಿರ ಬಂದ ಮೇಲಷ್ಟೇ ಮೂತಿ ಅವಳನ್ನು ನುಂಗಿತು.

ಎದ್ದು ಮೂತಿಯ ಎತ್ತರವನ್ನು ಗೇಣಿಟ್ಟು ನೋಡಿದ. ತಪ್ಪಿರಲಿ ಎಂದು ಮತ್ತೆ ನೋಡಿದ. ಎಷ್ಟೋ ವರ್ಷ ಖರೇ ಇಂಜಿನ್ನಿನ ಮೂತಿಯ ಮಗ್ಗುಲಲ್ಲಿ ಕೈಹಿಡಿಕೆ ಹಿಡಿದು ನಡೆದವನ ಕೈಗೆ ಆ ಎತ್ತರ ಮರೆತಿರಲಿಲ್ಲ. ಎಲ್ಲ ಸರಿ ಇತ್ತು.

ಹೊರಗೆ ಆಂಬುಲೆನ್ಸ್ ಬಂದು ನಿಂತಿತು. ಜನ ಎದ್ದರು. ಕಸ್ತೂರಿಬಾಯಿ ಏಳಲಿಲ್ಲ.

"ಅವರಿಗೆ ಆಕಿ ಕಾಣ್ತಿದ್ಳೇನ್ರಿ?"

ಅಣವೀರಪ್ಪ ದೋತರದ ಧೂಳು ಝಾಡಿಸಿದ. "ಮೂತಿ ತಗ್ಗಾಗ್ಯಾದ ವೈನಿ. ಖರೇ ಇಂಜಿನ್ನಿಂದು ಇನ್ನೊಂದಿಷ್ಟು ಎತ್ತರ ಇತ್ತು. ಹೆಂಗ ಕಾಣಬೇಕ್ರಿ? ಕಾಣ್ತಿದ್ದಿಲ್ಲ."

ಅವಳ ಭುಜ ಇಳಿಯಿತು. ಬಹಳ ಹೊತ್ತು ಹೊತ್ತದ್ದನ್ನು ಇಳಿಸಿದವರ ಹಾಗೆ ಅಂಗೈಗಳನ್ನು ಮಡಿಲಲ್ಲಿ ಬಿಟ್ಟುಕೊಂಡು ಕೂತಳು. ಆಮೇಲೆ ಹೇಳಿದಳು: "ಹಂಗಾದ್ರ ಕುಣ್ಯಾಗ ಇಡಬ್ಯಾಡ ಮಾಯಾ. ತಪ್ಪದ. ಕಾಕಾಗ ಕೊಡು."

"ವೈನಿ, ಇರಲಿ ಬಿಡ್ರಿ, ಸಣ್ಣ ತಪ್ಪು..."

"ಛೇ, ಅವರ ಮಾತು ಮೀರಬಾರದ್ರಿ."

ದಿಲೀಪ ಉಳಿದ ಹಳಿ ಕಿತ್ತ. ಅಲ್ಲಿ ಗುಂಡಣ್ಣನನ್ನು ಮಲಗಿಸಿದರು.

*

ಕಮಲಾಪುರದಲ್ಲಿ ಕುಣಿ ತೋಡಿದವರ ತಲೆಯ ಮೇಲೆ ತೊಗರಿಯ ಹೊಟ್ಟು ಹಾಗೇ ಇತ್ತು. ಬುದ್ಧಂ ಶರಣಂ ಗಚ್ಛಾಮಿ ಎಂದು ಹೆಂಗಸರು ಹೇಳುತ್ತಿದ್ದಾಗ ಅಣವೀರಪ್ಪ ಒಂದೇ ಕೈಯಿಂದ ಮಣ್ಣು ಹಾಕಿದ. ಇನ್ನೊಂದು ಕೈಯಲ್ಲಿ ಇಂಜಿನ್ ಇತ್ತು. ಕುಣಿಯ ಅಂಚಿನಲ್ಲಿ ಬಗ್ಗಿದಾಗ ಕೈ ಸಡಿಲಿಸಿದ್ದರೆ ಸಾಕಿತ್ತು. ಕಸ್ತೂರಿಬಾಯಿ ಎದುರಿಗೇ ನಿಂತಿದ್ದಳು.

ತಿರುಗಿ ಬರುವ ಜೀಪಿನಲ್ಲಿ ಪೀರಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಕೆಳಗ ಇಡೋ, ತೊಡಿ ಮ್ಯಾಲೆ ಎಷ್ಟೊತ್ತು ಹಿಡೀತಿ?"

"ಇರಲಿ."

ಮಹಾಗಾಂವ ದಾಟಿತು. ಪೀರಪ್ಪ ಮತ್ತೆ ಬಗ್ಗಿದ. "ಎಲ್ಲಿ ತಗ್ಗಾಗ್ಯಾದ? ನನಗ ಸರೀನ ಕಾಣ್ತದಲ್ಲ. ಕೈ ತಗಿ, ನೋಡೂಣು."

ಅಣವೀರಪ್ಪನ ಹೆಬ್ಬೆರಳು ಸೂಜಿತೂತಿನ ಮೇಲಿತ್ತು. ಉಗುರಿನ ಕೆಂಪು ಹೋಗಿ ಬೆಳ್ಳಗಾಗುವ ಹಾಗೆ ಒತ್ತಿ ಹಿಡಿದಿದ್ದ.