ಎಣಿಕೆಯಲ್ಲಿ ಒಂದು ಮಗು ಕಡಿಮೆ

ಮಗಳನ್ನು ಸ್ಕೌಟ್ಸ್ ಮತ್ತು ಗೈಡ್ಸ್ ಕ್ಯಾಂಪಿಗೆ ಕಳಿಸುವ ಮಾತು ಬಂದಾಗಿನಿಂದ ಹಿಂದೂಪುರದ ಉಮಾಶಂಕರನಿಗೆ ನೆಮ್ಮದಿ ಇರಲಿಲ್ಲ. ಮಗ್ಗದ ಮುಂದೆ ಕೂತರೆ ಎಳೆ ತಪ್ಪುತ್ತಿತ್ತು. ಊಟಕ್ಕೆ ಕೂತರೂ ಅದೇ ಮಾತು. ಎಂಟನೇ ಕ್ಲಾಸಿನ ಭಾರ್ಗವಿ ಮನೆ ಬಿಟ್ಟು ಒಂದು ರಾತ್ರಿಯೂ ಮಲಗಿದವಳಲ್ಲ. ಕ್ಯಾಂಪು ಇರುವುದೋ ಕಲ್ಯಾಣದುರ್ಗದ ಆಚೆ, ಸೆಟ್ಟೂರಿನ ದಾರಿಯ ಬಯಲಿನಲ್ಲಿ. ಅಲ್ಲಿ ನೀರು ಹೇಗೋ, ಹಾವು ಚೇಳು ಹೇಗೋ, ಹೊಸ ಜಾಗದಲ್ಲಿ ಯಾರು ಎಂಥವರೋ. ಕೇಳಿ ಕೇಳಿ ಸಾಕಾದ ಹೆಂಡತಿ ಗಂಗಾದೇವಿ, ಅಷ್ಟು ಭಯವಿದ್ದರೆ ನೀವೇ ಜೊತೆಗೆ ಹೋಗಿ ಎಂದಳು. ಅಡುಗೆಗೆ ಸಹಾಯ ಮಾಡಲು ಪೋಷಕರೊಬ್ಬರು ಬೇಕೆಂದು ಗೈಡ್ ಕ್ಯಾಪ್ಟನ್ ಪದ್ಮಲತಾ ಮೇಡಂ ಕೇಳಿದ್ದರು. ಉಮಾಶಂಕರ ಹೊರಟೇಬಿಟ್ಟ.

ಆ ಜಾಗದಲ್ಲಿ ಇವರದೊಂದೇ ಗುಂಪಲ್ಲ. ಬೆಳುಗುಪ್ಪ ಕಡೆಯ ಹುಡುಗರ ಗುಂಪು ಮೊದಲೇ ಬಂದು ಡೇರೆ ಹಾಕಿತ್ತು. ಅವರ ಸ್ಕೌಟ್ ಮಾಸ್ಟರ್ ಕೇಶವಯ್ಯ, ನರೆತ ಮೀಸೆಯ ದೊಡ್ಡ ಆಳು. ಎರಡು ಗುಂಪಿಗೂ ನೀರಿನ ತೊಟ್ಟಿ ಒಂದೇ, ತೆಂಗಿನಗರಿ ಹೊದಿಸಿದ ಅಡುಗೆಯ ಚಪ್ಪರ ಒಂದೇ. ಬೇಲಿಯ ಆಚೆ ಆಡು ಸಾಕುವ ನಾರಮ್ಮನ ಹೊಲ. ಬೇಲಿಗೆ ಹತ್ತಿರದಲ್ಲೇ ಆಕೆ ಕಡಲೆಕಾಯಿ ಹೊಟ್ಟಿನ ಬಣವೆ ಒಟ್ಟಿದ್ದಳು. ಬೇಸಿಗೆ ದಾಟುವವರೆಗೆ ಆಡುಗಳಿಗೆ ಅದೇ ಮೇವು.

ಬಂದ ದಿನವೇ ಪದ್ಮಲತಾ ಮೇಡಂ ಮತ್ತು ಕೇಶವಯ್ಯ ಎಲ್ಲರನ್ನೂ ಕೂರಿಸಿ ಅಲ್ಲಿನ ನಿಯಮ ಹೇಳಿದರು. ನಲ್ಲಿ ಬಿಟ್ಟುಕೊಂಡು ಸ್ನಾನ ಮಾಡುವಂತಿಲ್ಲ, ಬಕೆಟ್ಟಿಗೆ ಹಿಡಿದುಕೊಳ್ಳಬೇಕು. ಪಾಯಿಖಾನೆ ತೊಳೆಯುವುದು ಇವತ್ತು ಒಂದು ಗುಂಪಿನ ಸರದಿಯಾದರೆ ನಾಳೆ ಇನ್ನೊಂದರದು. ಒಲೆ ಉರಿಯುವಷ್ಟು ಹೊತ್ತೂ ಇಬ್ಬರು ಕಾವಲಿರಬೇಕು. ಬೂದಿಯನ್ನು ಕೈಯಿಂದ ಮುಟ್ಟಿ ತಣ್ಣಗಾಗಿದೆ ಎಂದು ನೋಡುವ ತನಕ ಅವರು ಜಾಗ ಬಿಡಬಾರದು. ಅಪ್ಪ ಬಂದರೂ ಅಣ್ಣ ಬಂದರೂ ಗೇಟಿನಲ್ಲಿ ಹೇಳದೆ ಮಗುವನ್ನು ಹೊರಗೆ ಕರೆದೊಯ್ಯುವಂತಿಲ್ಲ. ದೊಡ್ಡವರು ಯಾರೂ ಮಕ್ಕಳ ಡೇರೆಯೊಳಗೆ ಒಬ್ಬರೇ ಹೋಗಬಾರದು.

ಕೊನೆಯ ಎರಡು ಮಾತು ಉಮಾಶಂಕರನಿಗೆ ಚುಚ್ಚಿದವು.

"ನನ್ ಮಗಳ್ನ ನಾನ್ ನೋಡಾಕೂ ನಿಮ್ಮ ಪರ್ಮಿಷನ್ ಬೇಕಾ ಮೇಡಂ?"

"ನಿಮ್ ಮಗಳ ಜೊತೆ ಬೇರೆಯೋರ ಮಕ್ಳೂ ಮಲಗ್ತವೆ ಅಣ್ಣಾ. ಅವರ ಅಪ್ಪಂದಿರು ನನ್ನ ನಂಬಿ ಕಳ್ಸವ್ರೆ. ಆಚೆ ನಿಂತು ಕರೀರಿ, ಭಾರ್ಗವಿ ಬತ್ತಾಳೆ."

"ಸರ್ಲೇ, ಆಯ್ತು" ಎಂದು ಅವನು ಒಪ್ಪಿಕೊಂಡ. ಒಳಗೊಳಗೆ ಮಾತ್ರ ಕುದಿಯುತ್ತಿದ್ದ. ಮನೆಯಲ್ಲಿ ತಟ್ಟೆ ಎತ್ತದ ಮಗಳು ಇಲ್ಲಿ ಪಾಯಿಖಾನೆಗೆ ನೀರು ಹಾಕುವುದನ್ನು ನೋಡಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ ಅವನಿಗೆ. ಚಪ್ಪರದಿಂದ ಗೇಟಿಗೆ, ಗೇಟಿನಿಂದ ಚಪ್ಪರಕ್ಕೆ ಓಡಾಡಿದ.

ಮರುದಿನ ಬೆಳಗಿನಿಂದ ಗಾಳಿ. ಡೇರೆಯ ಬಟ್ಟೆ ಬಡಿದುಕೊಳ್ಳುತ್ತಿತ್ತು, ಕಣ್ಣಿಗೆಲ್ಲ ಧೂಳು. ಉಮಾಶಂಕರನ ತಂಗಿ ಪ್ರಮೀಳಾ ಕಲ್ಯಾಣದುರ್ಗದಲ್ಲಿದ್ದಾಳೆ. ಮಧ್ಯಾಹ್ನ ಆಕೆ ಫೋನ್ ಮಾಡಿ, ಒಬ್ಬಟ್ಟು ಮಾಡಿದ್ದೇನೆ, ಭಾರ್ಗವಿಯನ್ನು ಕರೆದುಕೊಂಡು ಬಾ ಎಂದು ಬಲವಂತ ಮಾಡಿದಳು. ಅವಳ ಗಂಡನ ಬೈಕು ಹಿಂದಿನ ದಿನದಿಂದ ಇವನ ಕೈಯಲ್ಲೇ ಇತ್ತು.

ಅವನು ಕರೆಯಲು ಹೋದಾಗ ಭಾರ್ಗವಿ ಒಲೆಯ ಹತ್ತಿರ ಕೂತಿದ್ದಳು. ಸಂಜೆಯ ಟೀಗೆ ಒಲೆ ಹೊತ್ತಿಸಿದ್ದರು. ಆ ಹೊತ್ತಿನ ಕಾವಲು ಅವಳದು ಮತ್ತು ಗೆಳತಿ ಹರಿತಾಳದು. ಹರಿತಾ ಬಕೆಟ್ಟಿಗೆ ನೀರು ತರಲು ತೊಟ್ಟಿಗೆ ಹೋಗಿದ್ದಳು.

"ಹರಿತಾ ಬರ್ಲಿ ಅಪ್ಪಾ, ಹೇಳ್ಬುಟ್ಟು ಬತ್ತೀನಿ" ಎಂದಳು ಭಾರ್ಗವಿ.

"ಯಾರಾನಾ ನೋಡ್ಕಂತಾರೆ ಬಾರಮ್ಮ. ಹಿಂಗ್ ಹೋಗಿ ಹಂಗ್ ಬಂದ್ಬುಡಾನ."

ಗೇಟಿನ ಕಡೆ ಹೋದರೆ ಮೇಡಂ ಕೇಳುತ್ತಾರೆಂದು ಅವನು ಬೇಲಿಯ ಸಂದಿಯಿಂದ ಮಗಳನ್ನು ದಾಟಿಸಿದ.

ತೊಟ್ಟಿಯ ಹತ್ತಿರ ಬೆಳುಗುಪ್ಪದ ಹುಡುಗರು ನೀರು ಹಿಡಿಯುತ್ತಿದ್ದರು. ಹರಿತಾ ಸಾಲಿನಲ್ಲಿ ನಿಂತಳು. ಒಲೆಯ ಹತ್ತಿರ ಭಾರ್ಗವಿ ಇದ್ದಾಳಲ್ಲ, ಅವಸರವೇನು ಎಂದುಕೊಂಡಳು. ಅಷ್ಟರಲ್ಲಿ ಗಾಳಿ ಜೋರಾಗಿ ತಿರುಗಿತು. ಒಲೆಯ ಕಿಡಿ ಮೇಲಿನ ಗರಿಗೆ ತಾಗಿತು. ಒಣಗಿದ ಗರಿ ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು? ಮಕ್ಕಳು ಕೂಗಿಕೊಳ್ಳುವುದರೊಳಗೆ ಚಪ್ಪರದ ಒಂದು ಮಗ್ಗುಲು ಉರಿಯುತ್ತಿತ್ತು.

ಪದ್ಮಲತಾ ಮೇಡಂ ಸೀಟಿ ಊದಿ ಎರಡೂ ಗುಂಪಿನ ಮಕ್ಕಳನ್ನು ಧ್ವಜದ ಕಟ್ಟೆಯ ಹತ್ತಿರ ಸೇರಿಸಿ ಎಣಿಸಿದರು. ಒಂದು ಮಗು ಕಡಿಮೆ. ಮತ್ತೆ ಎಣಿಸಿದರು. ಹರಿತಾ ಮುಂದೆ ಓಡಿ ಬಂದಳು.

"ಭಾರ್ಗವಿ ಒಲೆ ತಾವ ಇದ್ಲು ಮೇಡಂ. ಒಳಗೇ ಇದ್ಲು."

ಮೇಡಂ ಉಮಾಶಂಕರನಿಗೆ ಫೋನ್ ಮಾಡಿದರು. ಉತ್ತರವಿಲ್ಲ. ಕೇಶವಯ್ಯ ಅದಕ್ಕೆ ಕಾಯಲಿಲ್ಲ. ಒಂದು ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿ ತಲೆಯ ಮೇಲೆ ಹೊದ್ದು, ಉರಿಯುವ ಚಪ್ಪರದೊಳಗೆ ನುಗ್ಗಿದರು. ಹೊಗೆಯಲ್ಲಿ ಕೆಮ್ಮುತ್ತಾ, ಭಾರ್ಗವೀ ಎಂದು ಕೂಗುತ್ತಾ, ಪಾತ್ರೆಗಳ ಸಂದಿ, ಅಕ್ಕಿ ಮೂಟೆಗಳ ಹಿಂದೆ ಕೈಯಾಡಿಸಿ ಹುಡುಕಿದರು. ಉರಿಯುವ ಬಿದಿರಿನ ಗಳವೊಂದು ಅವರ ಬಲಗೈ ಮೇಲೆ ಬಿತ್ತು. ಆದರೂ ಇನ್ನೊಂದು ಮೂಲೆ ನೋಡಿಯೇ ಹೊರಗೆ ಬಂದರು. ಯಾರೂ ಇಲ್ಲ ಎಂದು ಹೇಳಲು ಅವರಿಗೆ ಉಸಿರಿರಲಿಲ್ಲ. ಬರಿದೆ ತಲೆಯಾಡಿಸಿದರು.

ಕಿಡಿ ಆಗಲೇ ಬೇಲಿ ಹಾರಿ ನಾರಮ್ಮನ ಬಣವೆಗೆ ಬಿದ್ದಿತ್ತು. ದೊಡ್ಡ ಹುಡುಗರು ಬಕೆಟ್ ಸಾಗಿಸಲು ಸಾಲು ನಿಂತರು. ನಾರಮ್ಮ ಆಡುಗಳನ್ನು ಬಿಚ್ಚಿ ಓಡಿಸಿ, ಗುದ್ದಲಿ ಹಿಡಿದು ಮಣ್ಣು ಎರಚಿದಳು. ತೊಟ್ಟಿಯಲ್ಲಿ ನೀರಿದ್ದದ್ದರಿಂದ ಅರ್ಧ ಬಣವೆ ಉಳಿಯಿತು. ಇನ್ನರ್ಧ ಕರಿ ಗುಡ್ಡೆಯಾಯಿತು.

ಉಮಾಶಂಕರ ಮಗಳೊಂದಿಗೆ ಹಿಂದಿರುಗಿದಾಗ ದೂರದಿಂದಲೇ ಹೊಗೆ ಕಂಡಿತು. ಬೈಕಿನ ಸದ್ದಿನಲ್ಲಿ ಫೋನು ಕೇಳಿಸಿರಲಿಲ್ಲ. ಭಾರ್ಗವಿಯನ್ನು ಕಂಡ ಪದ್ಮಲತಾ ಮೇಡಂ ಓಡಿ ಬಂದರು. ಬೈಯಲಿಲ್ಲ. ಹುಡುಗಿಯ ಕೈ ಹಿಡಿದು ಹತ್ತಿರ ಎಳೆದುಕೊಂಡರು. ಭಾರ್ಗವಿ ಉರಿದ ಚಪ್ಪರ ನೋಡಿದಳು, ಹರಿತಾಳನ್ನು ನೋಡಿದಳು. ಅಪ್ಪನ ಕಡೆ ತಿರುಗಲಿಲ್ಲ.

ಕೇಶವಯ್ಯ ನಲ್ಲಿಯ ಕೆಳಗೆ ಕೈಯೊಡ್ಡಿ ಕೂತಿದ್ದರು. ಸುಟ್ಟ ಗಾಯಕ್ಕೆ ಪೇಸ್ಟು, ಇಂಕು ಏನೂ ಹಚ್ಚಕೂಡದು, ಮೊದಲು ತಣ್ಣೀರು, ಆಮೇಲೆ ಆಸ್ಪತ್ರೆ ಎಂದು ಅವರೇ ಮಕ್ಕಳಿಗೆ ಕಲಿಸಿದ್ದರು. ಉಮಾಶಂಕರ ಅವರ ಮುಂದೆ ನಿಂತ.

"ನಮ್ ಹುಡುಗಿ ನಿಮ್ ಗುಂಪಿನೋಳಲ್ಲ. ನೀವ್ಯಾಕೆ ಒಳಿಕ್ ಹೋದ್ರಿ ಸಾರ್?"

"ಎಣಿಸ್ದಾಗ ಒಂದ್ ಮಗ ಕಮ್ಮಿ ಇತ್ತು ಕಣಪ್ಪ. ಯಾರ ಗುಂಪಿಂದು ಅಂತ ಕೇಳಾ ಹೊತ್ತಾ ಅದು?"

ಉಮಾಶಂಕರ ಅವರನ್ನು ಅದೇ ಬೈಕಿನಲ್ಲಿ ಕಲ್ಯಾಣದುರ್ಗದ ಆಸ್ಪತ್ರೆಗೆ ಕರೆದೊಯ್ದ. ಹೊರಡುವ ಮೊದಲು ಗೇಟಿಗೆ ಹೋಗಿ, ಎಲ್ಲಿಗೆ ಹೋಗುತ್ತಿದ್ದೇವೆ, ಯಾವ ಹೊತ್ತಿಗೆ ಬರುತ್ತೇವೆ ಎಂದು ಹೇಳಿದ.

ಬೆಂಕಿಯ ಸುದ್ದಿ ತಿಳಿದ ಗಂಗಾದೇವಿ ಬೆಳಗಾಗುತ್ತಲೇ ಮೊದಲ ಬಸ್ಸು ಹಿಡಿದು ಬಂದಳು. ಮಗಳ ಮೈಕೈ ಮುಟ್ಟಿ ನೋಡಿ, ಚೀಲ ತುಂಬು, ಮನೆಗೆ ಹೋಗೋಣ ಎಂದಳು. ತಪ್ಪು ಕ್ಯಾಂಪಿನವರದು ಎಂದೇ ಅವಳು ತಿಳಿದಿದ್ದಳು. ಉಮಾಶಂಕರ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಸ್ವಲ್ಪವೂ ಮುಚ್ಚಿಡಲಿಲ್ಲ.

"ಅವರು ಹೇಳಿದ್ನ ನಾನು ಕೇಳಿದ್ರೆ ಇದ್ಯಾವ್ದೂ ಆಯ್ತಿರ್ಲಿಲ್ಲ ಕಣೇ. ಭಾರ್ಗವಿ ಇಲ್ಲೇ ಉಳೀಲಿ. ನಾವು ಕರ್ಕೊಂಡ್ ಹೋದ್ರೆ ನನ್ ತಪ್ಪನ್ನ ಅವಳ ತಲೆ ಮ್ಯಾಲೆ ಹಾಕ್ದಂಗಾಯ್ತದೆ."

ಭಾರ್ಗವಿ ಉಳಿದಳು. ಗಂಗಾದೇವಿಯೂ ಸೆರಗು ಸಿಕ್ಕಿಸಿ ಅಡುಗೆಗೆ ನಿಂತಳು. ಎರಡೂ ಗುಂಪಿನವರು ಸೇರಿ ಸುಟ್ಟ ಗರಿ ಎಳೆದು ಹಾಕಿದರು, ನಾರಮ್ಮನ ಉಳಿದ ಹೊಟ್ಟನ್ನು ಬೇಲಿಯಿಂದ ದೂರಕ್ಕೆ ಹೊತ್ತು ಮತ್ತೆ ಒಟ್ಟಿದರು. ಉಮಾಶಂಕರ ಪರಿಗಿ ಊರಿನ ಭಾವಮೈದನಿಗೆ ಹೇಳಿ ಟ್ರ್ಯಾಕ್ಟರಿನಲ್ಲಿ ಮೇವು ತರಿಸಿ ನಾರಮ್ಮನ ಹೊಲದಲ್ಲಿ ಇಳಿಸಿದ. ನಾರಮ್ಮ ಅವನನ್ನು ಕ್ಷಮಿಸಿದಳೋ ಇಲ್ಲವೋ, ಬಾಯಿಬಿಟ್ಟು ಹೇಳಲಿಲ್ಲ. ಮೇವನ್ನು ಮೂಸಿ ನೋಡಿ, ಚೆನ್ನಾಗೈತೆ ಎಂದಳು ಅಷ್ಟೆ. ಪಾಯಿಖಾನೆಯ ಸರದಿ ಬಂದಾಗ ಉಮಾಶಂಕರ ತಾನೇ ಪೊರಕೆ ಹಿಡಿದ.

ಅಪ್ಪ ಅಮ್ಮಂದಿರೇ, ಅಣ್ಣ ಅಕ್ಕಂದಿರೇ, ಮಕ್ಕಳನ್ನು ಕ್ಯಾಂಪಿಗೆ ಕಳಿಸಲು ಹೆದರಬೇಡಿ. ನೀವೂ ಜೊತೆಗೆ ಹೋದರೆ, ಅಲ್ಲಿನ ನಿಯಮ ನಿಮಗೂ ಸೇರಿದ್ದು ಎಂದು ತಿಳಿಯಿರಿ. ತೊಟ್ಟಿಯ ನೀರನ್ನು ನಿಮ್ಮ ನಂತರ ಬರುವವರಿಗೂ ಉಳಿಸಿ. ಕಾವಲಿನ ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸದೆ ಎದ್ದು ಹೋಗಬೇಡಿ. ಬಂದಾಗ ಜಾಗ ಹೇಗಿತ್ತೋ ಅದಕ್ಕಿಂತ ಚೊಕ್ಕಟ ಮಾಡಿ ಹೊರಡಿ. ಮಗುವನ್ನು ಹೊರಗೆ ಕರೆದೊಯ್ಯುವಾಗ, ಅದು ನಿಮ್ಮ ಸ್ವಂತ ಮಗುವೇ ಆಗಿರಲಿ, ಹೇಳಿ ಹೋಗಿ. ನೀವು ಹೇಳದೆ ಕರೆದೊಯ್ದ ಮಗುವನ್ನು ಯಾರೋ ಒಬ್ಬರು ಬೆಂಕಿಯೊಳಗೆ ಹುಡುಕುತ್ತಿರುತ್ತಾರೆ.