ಬೀರುವಿನಲ್ಲೇ ಉಳಿದ ವರದಿ

ಬಾಂಗ್ಲಾದೇಶದ ಶಿಮುಲ್‌ದಹ ಎಂಬ ಊರಿನ ಉತ್ತರ ಕೇರಿಯಲ್ಲಿ ನೀರಿಗೆ ಬರವಿರಲಿಲ್ಲ. ಮನೆಗೊಂದು ಕೈಪಂಪು. ನಾಲ್ಕು ಸಲ ಒತ್ತಿದರೆ ಸಾಕು, ತಣ್ಣಗಿನ ತಿಳಿನೀರು ದಳದಳ ಸುರಿಯುತ್ತಿತ್ತು. ಆದರೂ ಆ ಕೇರಿಯ ಜನರ ಅಂಗೈ ಅಂಗಾಲುಗಳಲ್ಲಿ ಗಂಟು ಏಳುತ್ತಿತ್ತು. ಧೂಳಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದ ಹಾಗೆ ಎದೆ, ಬೆನ್ನಿನ ತುಂಬ ಚುಕ್ಕೆ ಮೂಡುತ್ತಿತ್ತು. ರಕ್ತ ಕೆಟ್ಟಿದೆ ಅಂದರು ಕೆಲವರು. ಯಾರದೋ ಶಾಪ ಅಂದರು ಇನ್ನು ಕೆಲವರು. ಚುಕ್ಕೆ ಕಾಣಿಸಿಕೊಂಡ ಹೆಣ್ಣುಮಕ್ಕಳು ಸುಡುಬಿಸಿಲಿನಲ್ಲೂ ಮಣಿಕಟ್ಟಿನ ತನಕ ತೋಳು ಮುಚ್ಚಿಕೊಂಡು ಓಡಾಡುತ್ತಿದ್ದರು.

ಈ ಕೇರಿಗೆ ಸಾಬಿಹಾ ಬಂದದ್ದು ಮನಸ್ಸಿಲ್ಲದ ಮನಸ್ಸಿನಿಂದ. ಅವಳು ಜಿಲ್ಲಾ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಳು. ಟೈಲರ್ ಅಂಗಡಿಯ ಅಪ್ಪನಿಗೆ ಒಂದೇ ಆಸೆ, ಮಗಳು ಸರ್ಕಾರಿ ನೌಕರಿಯ ಪರೀಕ್ಷೆ ಪಾಸಾಗಬೇಕು. ಮೂರನೇ ವರ್ಷದವರು ಒಂದು ಊರಿಗೆ ಹೋಗಿ ಬರುತ್ತಾ ಅಲ್ಲಿಯವರ ಜೊತೆ ಕೆಲಸ ಮಾಡಬೇಕು ಎಂಬ ನಿಯಮ ಕೇಳಿದಾಗ ಅವಳಿಗೆ ರೇಗಿತ್ತು.

"ಮ್ಯಾಡಮ್, ನಾವು ಲೆಕ್ಕದೋರು. ಊರಲ್ಲಿ ನಮಗೇನು ಕೆಲಸ?" ಎಂದು ತರಗತಿಯಲ್ಲೇ ಕೇಳಿಬಿಟ್ಟಿದ್ದಳು.

ಪಾಠ ಮಾಡುತ್ತಿದ್ದ ಗುಲ್‌ನಾಹರ್ ಮ್ಯಾಡಮ್ ಕನ್ನಡಕ ತೆಗೆದು, "ನೀನು ಎಣಿಸೋ ಜನ ಎಲ್ಲಾದ್ರೂ ಇರಬೇಕಲ್ಲಮ್ಮಾ. ಹೋಗಿ ನೋಡ್ಕೊಂಡು ಬಾ" ಅಂದಿದ್ದರು.

ಹಾಗೆ ಒಂದು ಶುಕ್ರವಾರ, ಬಸ್ಸಿಳಿದು, ಸೈಕಲ್ ಗಾಡಿಯಲ್ಲಿ ಕೂತು, ನಲವತ್ತು ಪ್ರಶ್ನೆಗಳ ಕಾಗದ ಹಿಡಿದು ಸಾಬಿಹಾ, ಕೇರಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕೋಹಿನೂರ್ ಅವರ ಅಂಗಳಕ್ಕೆ ಬಂದಳು. ಖಾಲಾ ಸೆಣಬಿನ ಕಡ್ಡಿ ಕಟ್ಟುತ್ತಿದ್ದರು. ತಲೆ ಎತ್ತಿ ನೋಡಿದವರೇ, "ಮತ್ತೆ ಬಂದ್ರಾ?" ಅಂದರು.

"ಇಲ್ಲ ಖಾಲಾ, ನಾನು ಮೊದಲನೇ ಸಲ ಬರ್ತಿರೋದು."

"ಮುಖ ಬೇರೆ ಇರಬಹುದು ತಾಯಿ, ಕಾಗದ ಅದೇ. ಎರಡು ವರ್ಷದ ಹಿಂದೆ ಬಂದಿದ್ರಲ್ಲ, ನಿಮ್ಮ ಕಾಲೇಜಿನೋರೇ. ಸೀಸೆಯಲ್ಲಿ ನೀರು ತುಂಬ್ಕೊಂಡ್ರು. ಅಂಗಿ ಬಿಚ್ಚಿ ನಿಂತ್ಕೊಳ್ಳಿ ಚಾಚಾ ಅಂತ ನನ್ನ ಗಂಡನ ಫೋಟೋ ಹೊಡ್ಕೊಂಡ್ರು. ಹದಿನೈದು ದಿನದಲ್ಲಿ ಬಂದು ಹೇಳ್ತೀವಿ ಅಂದ್ರು."

"ಬಂದು ಏನು ಹೇಳಿದ್ರು?"

"ಆ ಹದಿನೈದು ದಿನ ಇನ್ನೂ ಮುಗಿದಿಲ್ಲ" ಎಂದು ಖಾಲಾ ಕಡ್ಡಿಯ ಕಟ್ಟು ಬಿಗಿದರು.

ಒಳಗಿನಿಂದ ಕೆಮ್ಮು ಕೇಳಿಸಿತು. ಗಂಡ ಇದ್ರಿಸ್ ಚಾಚಾ ಕೋಲೂರಿ ಹೊಸಿಲಿಗೆ ಬಂದರು. ಬಲಗಾಲಿನ ಎರಡು ಬೆರಳು ಇರಲಿಲ್ಲ. ವಾಸಿಯಾಗದ ಹುಣ್ಣಿಗೆ ಕತ್ತರಿಸಿ ತೆಗೆದಿದ್ದರು. "ಬಿಸಿಲಲ್ಲಿ ಬಂದಿದೆ ಮಗು. ಮೊದಲು ನೀರು ಕೊಡ್ರೇ, ಆಮೇಲೆ ಬೈಯ್ಕೊಳ್ಳಿ" ಎಂದು ನಕ್ಕರು. ಹತ್ತೊಂಬತ್ತರ ಮಗಳು ಲಾಖಿ ತಟ್ಟೆಯಲ್ಲಿ ಮಂಡಕ್ಕಿ, ಖರ್ಜೂರದ ಬೆಲ್ಲ, ಒಂದು ಲೋಟ ನೀರು ತಂದಿಟ್ಟಳು. ಲೋಟ ಇಡುವಾಗ ಅವಳ ಅಂಗಿಯ ತೋಳು ಚೂರು ಸರಿಯಿತು. ಒಳಗಿನ ಚುಕ್ಕೆಗಳನ್ನು ಸಾಬಿಹಾ ನೋಡಿದಳು. ಲಾಖಿ ತಟ್ಟನೆ ತೋಳೆಳೆದುಕೊಂಡಳು. ಆ ಚುಕ್ಕೆಯಿಂದಲೇ ಮದುವೆಯ ಎರಡು ಸಂಬಂಧ ಮುರಿದುಹೋಗಿವೆ ಎಂದು ಖಾಲಾ ಆಮೇಲೆ ಹೇಳಿದರು.

ನಲವತ್ತು ಪ್ರಶ್ನೆಗಳಲ್ಲಿ ಆರು ಕೇಳುವಷ್ಟರಲ್ಲಿ ಸಾಬಿಹಾಗೆ ಸಾಕಾಯಿತು. ಆ ಹದಿನೈದು ದಿನದ ಮಾತು ಅವಳನ್ನು ಬಿಡಲಿಲ್ಲ.

ಮರುದಿನ ಅವಳು ವಿಭಾಗದ ಹಳೆಯ ಬೀರು ತೆಗೆಸಿದಳು. ಮೂರನೇ ಅರೆಯಲ್ಲಿ ವರದಿ ಸಿಕ್ಕಿತು. ನೀಲಿ ರಟ್ಟು, ಚಿನ್ನದ ಬಣ್ಣದ ಅಕ್ಷರ. ಇಪ್ಪತ್ತಮೂರನೇ ಪುಟದಲ್ಲಿ ಅಂಗಿ ಬಿಚ್ಚಿ ನಿಂತ ಇದ್ರಿಸ್ ಚಾಚಾ. ಹೆಸರಿಲ್ಲ, 'ಮನೆ ಸಂಖ್ಯೆ ಹದಿನಾಲ್ಕು' ಅಷ್ಟೇ. ಪಕ್ಕದ ಪಟ್ಟಿಯಲ್ಲಿ ಆ ಮನೆಯ ಪಂಪಿನ ನೀರಿನ ಲೆಕ್ಕ. ಆರ್ಸೆನಿಕ್ ಎಂಬ ವಿಷ ಸರ್ಕಾರ ಹೇಳಿದ ಮಿತಿಗಿಂತ ಆರು ಪಟ್ಟು. ಕೇರಿಯ ಐವತ್ತೆಂಟು ಪಂಪುಗಳಲ್ಲಿ ಐವತ್ತೊಂದು ಕೆಟ್ಟವು, ಏಳು ಒಳ್ಳೆಯವು. ಆ ಏಳರಲ್ಲಿ ಒಂದು ಮಸೀದಿಯ ಪಂಪು. ಮನೆ ಸಂಖ್ಯೆ ಹದಿನಾಲ್ಕರಿಂದ ಇನ್ನೂರು ಹೆಜ್ಜೆ.

ಕೊನೆಯ ಪುಟದಲ್ಲಿ ಶಿಫಾರಸು ಇತ್ತು: 'ನಿವಾಸಿಗಳಿಗೆ ಕೂಡಲೇ ತಿಳಿಸತಕ್ಕದ್ದು.' ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅಂಕ. ನೂರಕ್ಕೆ ಎಂಬತ್ತೆಂಟು.

ಸಾಬಿಹಾ ವರದಿಯನ್ನು ಗುಲ್‌ನಾಹರ್ ಮ್ಯಾಡಮ್ ಮೇಜಿನ ಮೇಲಿಟ್ಟಳು. "ಯಾರಿಗೂ ಹೇಳಿಲ್ಲ ಮ್ಯಾಡಮ್. ಬರೆದೋರು ಪಾಸಾಗಿ ಹೋಗಿದಾರೆ."

ಮ್ಯಾಡಮ್ ಪುಟ ತಿರುವಿದರು. ಕೆಂಪು ಶಾಯಿಯ ಹತ್ತಿರ ಬಂದಾಗ ಅವರ ಬೆರಳು ನಿಂತಿತು.

"ಅಂಕ ಕೊಟ್ಟೋಳು ನಾನೇ" ಅಂದರು ಕೊನೆಗೆ. "ಭಾಷೆ ಚೆನ್ನಾಗಿದೆ, ಪಟ್ಟಿ ಚೆನ್ನಾಗಿದೆ ಅಂತ ನೋಡ್ದೆ. ತಿಳಿಸಿದ್ರಾ ಅಂತ ಕೇಳ್ಲಿಲ್ಲ. ಸಮಾಜದ ಜೊತೆ ಬೆರೆಯಿರಿ ಅಂತ ಪಾಠ ಮಾಡ್ತಿದ್ದೆ ಸಾಬಿಹಾ. ಬೆರೆತದ್ದು ಎಲ್ಲಿ ಬಂತು? ತಗೊಂಡು ಬಂದ್ವಿ, ಅಷ್ಟೆ."

"ಈಗೇನು ಮಾಡೋದು?"

"ಹೋಗೋದು. ಬೈದ್ರೆ ಬೈಸ್ಕೊಳ್ಳೋದು. ನಡಿ, ನಾನೂ ಬರ್ತೀನಿ."

ಖಾಲಾ ಅವರ ಅಂಗಳದಲ್ಲಿ ಚಾಪೆಯ ಮೇಲೆ ಕೂತು ಮ್ಯಾಡಮ್ ಸುತ್ತುಬಳಸದೆ ಎಲ್ಲ ಹೇಳಿದರು. ತಪ್ಪು ತಮ್ಮದೇ ಎಂದೂ ಹೇಳಿದರು.

ಖಾಲಾ ಮೊದಲು ನಂಬಲಿಲ್ಲ. "ಬಣ್ಣ ಇಲ್ಲ, ವಾಸನೆ ಇಲ್ಲ, ಎಳನೀರಿನಂಥ ನೀರು. ಇದ್ರಲ್ಲಿ ವಿಷ ಅಂದ್ರೆ ಹೇಗೆ? ಹಾಗಿದ್ರೆ ಒಂದೇ ದಿನಕ್ಕೆ ಸಾಯ್ಬೇಕಿತ್ತಲ್ಲ?"

"ಇದು ಒಂದೇ ದಿನಕ್ಕೆ ಕೊಲ್ಲಲ್ಲ ಖಾಲಾ" ಎಂದಳು ಸಾಬಿಹಾ. "ನೆಲದೊಳಗಿನ ಕಲ್ಲುಮಣ್ಣಿಂದ ನೀರಿಗೆ ಇಳಿಯುತ್ತೆ. ವರ್ಷಗಟ್ಟಲೆ ಕುಡಿದ ಮೇಲೆ ಚರ್ಮದಲ್ಲಿ ಕಾಣುತ್ತೆ. ಒಳಗೂ ಕೆಡಿಸುತ್ತೆ."

"ಕುದಿಸಿ ಕುಡಿದ್ರೆ?"

"ಕುದಿಸಿದ್ರೂ ಹೋಗಲ್ಲ. ಸ್ನಾನಕ್ಕೆ, ಬಟ್ಟೆಗೆ ಬಳಸಿ, ಪರವಾಗಿಲ್ಲ. ಕುಡಿಯೋಕೆ, ಅನ್ನ ಮಾಡೋಕೆ ಮಾತ್ರ ಬೇಡ."

ಬಾಗಿಲ ಮರೆಯಿಂದ ಲಾಖಿ ಕೇಳಿದಳು, "ಸಾಬಿಹಾ ಆಪಾ, ಮುಟ್ಟಿದ್ರೆ ಇನ್ನೊಬ್ಬರಿಗೆ ಅಂಟುತ್ತಾ?"

"ಅಂಟಲ್ಲ ಲಾಖಿ. ಖಂಡಿತ ಅಂಟಲ್ಲ. ನೀನು ಯಾರಿಗೂ ಹೆದರ್ಕೊಂಡು ತೋಳು ಮುಚ್ಕೋಬೇಕಾಗಿಲ್ಲ."

ಖಾಲಾ ಎದ್ದು ಬೇಲಿಯ ಹತ್ತಿರ ಹೋಗಿ ಮಸೀದಿಯ ಕಡೆ ನೋಡುತ್ತಾ ನಿಂತರು. ತಿರುಗಿದಾಗ ಅವರ ದನಿ ಮೆತ್ತಗಿತ್ತು. ಬೈದಿದ್ದರೇ ಚೆನ್ನಾಗಿತ್ತು ಎಂದು ಸಾಬಿಹಾಗೆ ಅನ್ನಿಸಿತು.

"ಇನ್ನೂರು ಹೆಜ್ಜೆ. ಕೊಡ ಹೊತ್ಕೊಂಡು ನಾನು ನಡೀತಿರ್ಲಿಲ್ವಾ? ಎರಡು ವರ್ಷ ನನ್ನ ಕೈಯಾರೆ ಅವರಿಗೆ ಕುಡಿಸ್ದೆ. ನಿಮಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ. ಇದಕ್ಕೇನಾ ನೀವು ಓದೋದು?"

ಇದ್ರಿಸ್ ಚಾಚಾ, "ಬಿಡೇ, ಈಗಲಾದ್ರೂ ಬಂದ್ರಲ್ಲ" ಅಂದರು.

"ನೀವು ಸುಮ್ನಿರಿ" ಎಂದು ಖಾಲಾ ಗಂಡನ ಮಾತು ಕತ್ತರಿಸಿದರು. "ಇವತ್ತು ಹೋಗಿ ತಾಯಿ. ನನಗೆ ನಿಮ್ಮ ಮುಖ ನೋಡೋಕಾಗ್ತಿಲ್ಲ."

ಸಾಬಿಹಾ ಹೋದಳು. ಮುಂದಿನ ಶುಕ್ರವಾರ ಮತ್ತೆ ಬಂದಳು. ಅದರ ಮುಂದಿನ ಶುಕ್ರವಾರವೂ ಬಂದಳು. ಅಪ್ಪ ರೇಗಿದರು, "ಪರೀಕ್ಷೆಗೆ ಓದೋದು ಬಿಟ್ಟು ಯಾರದೋ ಊರಿನ ನೀರಿನ ಹಿಂದೆ ಬಿದ್ದಿದೀಯಲ್ಲ!" ಅವಳು ಹೇಳಿದಳು, "ಅಪ್ಪಾ, ಅವರ ಮನೇಲಿ ನಾನೂ ಒಂದು ಲೋಟ ಕುಡಿದೆ. ಒಂದು ಲೋಟಕ್ಕೆ ನನಗೇನೂ ಆಗಲ್ಲ. ಅವರು ಇಪ್ಪತ್ತು ವರ್ಷದಿಂದ ಕುಡೀತಿದಾರೆ." ಅಪ್ಪ ಕತ್ತರಿ ಕೆಳಗಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ.

ಮೂರನೇ ವಾರ ಖಾಲಾ ತಾವಾಗಿಯೇ ಕರೆದರು. "ಸುಮ್ನೆ ನಿಂತ್ರೆ ಏನ್ ಬಂತು? ಪಂಪಿಗೆ ಗುರುತು ಹಾಕೋಕೆ ಬಣ್ಣದ ಡಬ್ಬಿ ತಂದಿದೀಯಲ್ಲ, ಕೊಡು ಇಲ್ಲಿ." ನೀರನ್ನು ಹೊಸದಾಗಿ ಪರೀಕ್ಷೆ ಮಾಡಿಸಿದ ಮೇಲೆ, ಕೇರಿಯ ಹೆಂಗಸರೇ ಕೆಟ್ಟ ಪಂಪುಗಳ ಬಾಯಿಗೆ ಕೆಂಪು ಬಳಿದರು, ಒಳ್ಳೆಯದಕ್ಕೆ ಹಸಿರು. ತಮ್ಮ ಪಂಪಿಗೆ ಖಾಲಾ ತಾವೇ ಕೆಂಪು ಬಳಿದರು. ಆ ಪಂಪಿನ ಕೊಳವೆಯನ್ನು ಮದುವೆಯಾದ ವರ್ಷ ಇದ್ರಿಸ್ ಚಾಚಾ ತಮ್ಮ ಕೈಯಿಂದಲೇ ಇಳಿಸಿದ್ದರು.

ಆದರೆ ಹಸಿರು ಪಂಪುಗಳಿದ್ದದ್ದು ಏಳೇ. ಮಸೀದಿಯ ಮುಂದೆ ಬೆಳಗ್ಗೆಯಿಂದ ಕೊಡಗಳ ಸಾಲು, ಜಗಳ. ವಿಷವಿರುವ ಪದರವನ್ನು ದಾಟಿ ಬಹಳ ಆಳಕ್ಕೆ ಕೊರೆದ ಸರ್ಕಾರಿ ಪಂಪೊಂದು ಹಿಂದೆಯೇ ಕೇರಿಗೆ ಬಂದಿತ್ತು. ಅದು ವಾರ್ಡಿನ ಮೆಂಬರ್ ಮೊತಾಲಿಬ್ ಅವರ ಕಾಂಪೌಂಡಿನೊಳಗೆ ಕೂತಿತ್ತು. ಗೇಟು ತೆಗೆದರೆ ನೀರು, ತೆಗೆಯದಿದ್ದರೆ ಇಲ್ಲ.

"ಅರ್ಜಿ ನಾನು ಬರೀತೀನಿ. ವಾರ್ಡ್ ಸಭೇಲಿ ನಾನೇ ಮಾತಾಡ್ತೀನಿ" ಎಂದು ಸಾಬಿಹಾ ಹಾರಾಡಿದಳು.

ಮ್ಯಾಡಮ್ ತಡೆದರು. "ಬೇಡ. ನೀನು ಮಾತಾಡಿದ್ರೆ ಪಟ್ಟಣದ ಹುಡುಗಿ ಏನೋ ಅಂದ್ಲು ಅಂತಾರೆ, ನೀನು ಪಾಸಾಗಿ ಹೋದ ಮೇಲೆ ಮರೀತಾರೆ. ಊರು ಅವರದು. ನಿನಗೆ ಗೊತ್ತಿರೋ ನಿಯಮ ಅವರಿಗೆ ಹೇಳಿಕೊಡು."

ವಾರ್ಡ್ ಸಭೆಗೆ ಯಾರು ಬೇಕಾದರೂ ಹೋಗಬಹುದು, ಕೇಳಿದ ಮಾತನ್ನು ಪುಸ್ತಕದಲ್ಲಿ ಬರೆಸಬಹುದು, ಬರೆದದ್ದನ್ನು ಓದಿಸಿ ಕೇಳಬಹುದು. ಇಷ್ಟನ್ನು ಹೇಳಿಕೊಡಲು ಸಾಬಿಹಾಗೆ ನಾಲ್ಕು ಶುಕ್ರವಾರ ಬೇಕಾದವು. "ನಾವು ಹೋದ್ರೆ ನಗ್ತಾರೆ ಕಣೇ" ಅನ್ನುತ್ತಲೇ ಇದ್ದರು ಖಾಲಾ. ಆದರೂ ಸಭೆಯ ದಿನ ಮೂವತ್ತು ಹೆಂಗಸರು ಹೊರಟರು.

ಮೊತಾಲಿಬ್ ಸಾಬಿಹಾಳನ್ನೇ ದಿಟ್ಟಿಸಿದರು. "ಈ ಹುಡುಗಿ ಓದೋಕೆ ಬಂದಿದಾಳೋ ರಾಜಕೀಯ ಮಾಡೋಕೆ ಬಂದಿದಾಳೋ?"

ಖಾಲಾ ಎದ್ದು ನಿಂತರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದರು. "ಅವಳನ್ನ ಬಿಡಿ ಮೆಂಬರ್ ಸಾಹೇಬ್ರೇ. ಅವಳು ಇಲ್ಲಿಯೋಳಲ್ಲ. ನಾನು ಇಲ್ಲಿಯೋಳು. ಕೋಹಿನೂರ್, ಇದ್ರಿಸ್ ಮಿಯಾ ಹೆಂಡತಿ, ಈ ವಾರ್ಡಿನ ಮತದಾರಳು. ಬರ್ಕೊಳ್ಳಿ. ನಮ್ಮ ಕೇರಿಗೆ ಆಳದ ಪಂಪು ಬೇಕು. ಅದು ಯಾರ ಗೇಟಿನೊಳಗೂ ಬೇಡ, ಶಾಲೆ ಬಯಲಲ್ಲಿ ಬೇಕು. ಬರೆದಿದ್ದನ್ನ ಒಂದ್ಸಲ ಓದಿ ಹೇಳಿ, ಕೇಳಿಸ್ಕೊಂಡು ಹೋಗ್ತೀವಿ."

ಯಾರೂ ನಗಲಿಲ್ಲ. ಕಾರ್ಯದರ್ಶಿ ಬರೆದುಕೊಂಡರು, ಓದಿ ಹೇಳಿದರು.

ಬರೆದ ಮಾತ್ರಕ್ಕೆ ನೀರು ಬರಲಿಲ್ಲ. ಕಾಗದ ಕಚೇರಿಯಿಂದ ಕಚೇರಿಗೆ ಅಲೆಯಿತು. ಖಾಲಾ ಮತ್ತು ಹೆಂಗಸರು ಅದರ ಹಿಂದೆ ಅಲೆದರು.

ಸಭೆಯಾದ ನಾಲ್ಕನೇ ತಿಂಗಳು ಇದ್ರಿಸ್ ಚಾಚಾ ಹಾಸಿಗೆ ಹಿಡಿದರು. ವಿಷ ಲಿವರನ್ನೂ ಕೆಡಿಸಿದೆ ಅಂದರು ಡಾಕ್ಟರು. ಕೊನೆಯ ವಾರ ಅವರದು ಒಂದೇ ಹಟ. "ಮಸೀದಿ ನೀರು ಸಪ್ಪೆ. ಒಂದು ಗುಟುಕು ನಮ್ಮ ಪಂಪಿನದ್ದು ಕೊಡೇ. ಇನ್ನೇನಾಗುತ್ತೆ ನನಗೆ?" ಖಾಲಾ ಕೊಡಲಿಲ್ಲ. ಲಾಖಿ ಮಸೀದಿಯ ನೀರನ್ನೇ ಚಮಚದಲ್ಲಿ ಹಾಕಿದಳು. ಮಂಗಳವಾರ ಬೆಳಗ್ಗೆ ಅವರು ತೀರಿಕೊಂಡರು.

ಸಾಬಿಹಾ ಬಂದಾಗ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ಖಾಲಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಕೊಟ್ಟುಬಿಡಬೇಕಿತ್ತೇನೋ ಒಂದು ಗುಟುಕು" ಅಂದರು. ಸಾಬಿಹಾ ಸಂಜೆಯ ತನಕ ಅಲ್ಲೇ ಕೂತಿದ್ದಳು. ಆ ಎರಡು ವರ್ಷ ಮೊದಲೇ ಹೇಳಿದ್ದರೆ ಚಾಚಾ ಬದುಕುತ್ತಿದ್ದರೋ ಇಲ್ಲವೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಹೇಳಬೇಕಿತ್ತು ಎಂಬುದಂತೂ ಖಚಿತ.

ಪಂಪು ಬಂದದ್ದು ಇನ್ನೂ ಮೂರು ತಿಂಗಳ ಮೇಲೆ. ಶಾಲೆಯ ಬಯಲಿನಲ್ಲೇ ಕೊರೆದರು. ನೀರಿನ ಪರೀಕ್ಷೆಯ ಫಲವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದವಳು ಲಾಖಿ. ಅವಳ ಮೈಮೇಲೆ ಹೊಸ ಚುಕ್ಕೆ ಎದ್ದಿಲ್ಲ. ಹಳೆಯವು ಹಾಗೇ ಇವೆ. ಅವಳೀಗ ಮನೆಮನೆಗೆ ಹೋಗಿ, ಕೆಂಪು ಪಂಪಿನಿಂದ ಯಾರಾದರೂ ಅಡುಗೆಗೆ ನೀರು ಹಿಡಿದರೆ ಜಗಳ ತೆಗೆಯುತ್ತಾಳೆ.

ಗುಲ್‌ನಾಹರ್ ಮ್ಯಾಡಮ್ ತಮ್ಮ ತರಗತಿಯ ನಿಯಮ ಬದಲಿಸಿದರು. ಊರಿನವರ ಮುಂದೆ ಓದಿ ಹೇಳದ ವರದಿಗೆ ಅಂಕವಿಲ್ಲ. ವರ್ಷದ ಮೊದಲ ಪಾಠಕ್ಕೆ ಕೋಹಿನೂರ್ ಖಾಲಾರನ್ನೇ ಕರೆಸುತ್ತಾರೆ. ಖಾಲಾ ಬೆಂಚುಗಳ ಮುಂದೆ ನಿಂತು ತಮ್ಮ ಗಂಡನ ಹೆಸರು ಹೇಳುತ್ತಾರೆ, ಅವರಿಗೆ ಏನಾಯಿತು ಹೇಳುತ್ತಾರೆ, ಬಸ್ಸು ಹತ್ತಿ ವಾಪಸ್ಸು ಹೋಗುತ್ತಾರೆ. ಕ್ಷಮಿಸಿದ್ದೇನೆ ಎಂದು ಅವರು ಇವತ್ತಿಗೂ ಅಂದಿಲ್ಲ. ಸಾಬಿಹಾ ಕೇಳಿಯೂ ಇಲ್ಲ.

ಕಾಲೇಜಿನಲ್ಲಿ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನೀವೂ ನಾಳೆ ಒಂದು ಕೇರಿಗೆ ಹೋಗುತ್ತೀರಿ. ಶಿಬಿರಕ್ಕೋ, ಸಮೀಕ್ಷೆಗೋ, ಅಂಕಕ್ಕೋ. ಹೋಗಿ, ಖಂಡಿತ ಹೋಗಿ. ಆದರೆ ಅಲ್ಲಿಂದ ಏನು ತಿಳಿದುಕೊಂಡು ಬಂದಿರೋ ಅದನ್ನು ಅವರಿಗೇ ಮೊದಲು ಹೇಳಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಗ್ರಾಮಸಭೆಗೆ ಅವರ ಜೊತೆ ನಡೆಯಿರಿ, ಮಾತಾಡಲು ಅವರನ್ನೇ ಬಿಡಿ. ಕಲಿಸುವ ಮೇಷ್ಟ್ರುಗಳೇ, ಅಂಕ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಆ ಮನೆಯವರಿಗೆ ತಿಳಿಸಿದ್ದೀರಾ? ಕಾಗದ ಹಿಡಿದು ಯಾರಾದರೂ ನಿಮ್ಮ ಅಂಗಳಕ್ಕೆ ಬಂದರೆ, ತಾಯಂದಿರೇ, ಉತ್ತರ ಕೊಡುವ ಮುಂಚೆ ಅವರ ಹೆಸರು ಬರೆದಿಟ್ಟುಕೊಳ್ಳಿ, ಯಾವ ದಿನ ಬಂದು ಹೇಳುತ್ತೀರಿ ಎಂದು ಕೇಳಿ. ಆ ದಿನ ಅವರು ಬಾರದಿದ್ದರೆ ನೀವೇ ಕಾಲೇಜಿಗೆ ಹೋಗಿ. ಆ ಬಾಗಿಲು ನಿಮ್ಮದೂ ಹೌದು.